ಉಕಿಯೊ-ಎ: ತೇಲುವ ಲೋಕ, ಅಜ್ಜಿಯ ಡೈರಿ

ಮೊದಲು ಒಂದು ಚಿತ್ರ ನೋಡೋಣ. ಕಿಮೋನೊ ತೊಟ್ಟ ಹೆಂಗಸೊಬ್ಬರು ಮನೆಯೊಳಗೆ ಕೂತಿದ್ದಾರೆ. ಹಿಂದೆ ಶೋಜಿ, ಅಂದರೆ ಮರದ ಚೌಕಟ್ಟಿಗೆ ತೆಳು ಕಾಗದ ಅಂಟಿಸಿದ ಜಪಾನಿ ಬಾಗಿಲು. ಆ ಕಾಗದದ ಮೇಲೆ ಹೊರಗಿನಿಂದ ಒಂದು ನೆರಳು ಬಿದ್ದಿದೆ. ಯಾರದು ಅಂದುಕೊಂಡಿರಿ? ಸೂಪರ್‌ಮ್ಯಾನ್‌ದು.

ಇದು ಅಮೆರಿಕದ ಚಿತ್ರಕಾರ ರೋಜರ್ ಶಿಮೊಮುರಾ 1980ರಲ್ಲಿ ಬರೆದ ಅಕ್ರಿಲಿಕ್ ಚಿತ್ರ. ಹೆಸರು 'ಡೈರಿ: ಡಿಸೆಂಬರ್ 12, 1941'. ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ಇವರ ಚಿತ್ರಗಳ ಮಾತು ಬಂದಾಗೆಲ್ಲ ಜೊತೆಗೇ ಬರುವ ಪದ 'ಉಕಿಯೊ-ಎ'. ಕೊನೆಯ 'ಎ' ಹ್ರಸ್ವ, 'ಎಲೆ'ಯ ಎ ಥರ.

ಬಿಡಿಸಿ ನೋಡಿದರೆ 'ಯೊ' ಅಂದರೆ ಲೋಕ, 'ಎ' ಅಂದರೆ ಚಿತ್ರ. ಮಜಾ ಇರುವುದು 'ಉಕಿ'ಯಲ್ಲಿ. ಹಳೆಯ ಜಪಾನಿನಲ್ಲಿ ಬೌದ್ಧರ ಬಾಯಲ್ಲಿ ಉಕಿಯೊ ಅಂದರೆ ದುಃಖದ ಲೋಕ, ಇಲ್ಲಿ ಯಾವುದೂ ನಿಲ್ಲುವುದಿಲ್ಲ ಎಂಬ ನಿಟ್ಟುಸಿರು. 17ನೇ ಶತಮಾನಕ್ಕೆ ಬರುವಷ್ಟರಲ್ಲಿ ಪೇಟೆಯ ಜನ ಅದನ್ನು ತಿರುಗಿಸಿಬಿಟ್ಟರು. ಉಚ್ಚಾರ ಅದೇ, ಬರೆಯುವ ಅಕ್ಷರ ಬೇರೆ. ಈಗ ಅದು ತೇಲುವ ಲೋಕ. ಯಾವುದೂ ನಿಲ್ಲುವುದಿಲ್ಲ ಅಲ್ವಾ, ಹಾಗಾದರೆ ಅಳುವುದೇಕೆ, ನಾಟಕ ನೋಡೋಣ, ಹೂ ನೋಡೋಣ, ಕುಡಿಯೋಣ ಅನ್ನುವ ಧಾಟಿ. ನಮ್ಮ 'ಸಂಸಾರ'ವನ್ನೇ ನೋಡಿ. 'ಸಂಸಾರ ಸಾಗರ' ಅಂದಾಗ ಒಂದು ಅರ್ಥ, 'ಸಂಸಾರ ಸಮೇತ ಊಟಕ್ಕೆ ಬನ್ನಿ' ಅಂದಾಗ ಇನ್ನೊಂದು.

ಆ ತೇಲುವ ಲೋಕದ ಚಿತ್ರಗಳೇ ಉಕಿಯೊ-ಎ. ಎದೊ, ಅಂದರೆ ಇವತ್ತಿನ ಟೋಕಿಯೊ, ಇದರ ದೊಡ್ಡ ಪೇಟೆ. ಕಬುಕಿ ನಾಟಕದ ನಟರು, ಸುಮೊ ಪೈಲ್ವಾನರು, ಯೊಶಿವಾರಾ ಎಂಬ ಕೇರಿಯ ವೇಶ್ಯೆಯರು, ಆಮೇಲೆ ಬೆಟ್ಟ, ಮಳೆ, ಹೆದ್ದಾರಿ. ಕುಂಚದಲ್ಲಿ ನೇರವಾಗಿ ಬರೆದವೂ ಇವೆ, ಆದರೆ ಊರೆಲ್ಲ ಹರಡಿದ್ದು ಮರದ ಅಚ್ಚಿನ ಪ್ರತಿಗಳು. ಹೊಕುಸಾಯಿ ಎಂಬ ಚಿತ್ರಕಾರನ ದೊಡ್ಡ ಅಲೆಯ ಚಿತ್ರ ನಿಮಗೆ ಗೊತ್ತೇ ಇರುತ್ತದೆ. ಸುಮಾರು 1831ರದು. ಟೀ ಶರ್ಟ್‌ಗಳ ಮೇಲೆಲ್ಲ ಉರುಳಿ ಉರುಳಿ, 2024ರಲ್ಲಿ ಜಪಾನಿನ 1000 ಯೆನ್ ನೋಟಿನ ಮೇಲೂ ಬಂತು.

ಚಿತ್ರಕಾರನ ಹೆಸರಷ್ಟೇ ನಮಗೆ ಗೊತ್ತಿರುವುದು ಸ್ವಲ್ಪ ಅನ್ಯಾಯವೇ. ಅವನು ಕಾಗದದ ಮೇಲೆ ಗೆರೆ ಎಳೆದುಕೊಟ್ಟರೆ ಮುಗಿಯಿತು. ಚೆರಿ ಮರದ ಹಲಗೆಗೆ ಆ ಕಾಗದ ಅಂಟಿಸಿ ಕೆತ್ತುವವನು ಬೇರೆ, ಮುದ್ರಿಸುವವನು ಬೇರೆ, ದುಡ್ಡು ಹಾಕಿ ಮಾರುವವನು ಬೇರೆ. ಮೊದಲು ಕಪ್ಪು ಗೆರೆಯ ಹಲಗೆ. ಆಮೇಲೆ ಸಾಮಾನ್ಯವಾಗಿ ಬಣ್ಣಕ್ಕೊಂದು ಹಲಗೆ. ಎಲ್ಲ ಹಲಗೆಯಲ್ಲೂ ಒಂದೇ ಜಾಗದಲ್ಲಿ ಸಣ್ಣ ಕಚ್ಚು ಇರುತ್ತದೆ. ಅದು ಕೆಂತೊ. ಕಾಗದವನ್ನು ಅದಕ್ಕೆ ತಾಗಿಸಿ ಇಟ್ಟರೆ ಬಣ್ಣ ಗೆರೆ ದಾಟುವುದಿಲ್ಲ. ಕೂದಲೆಳೆಯಷ್ಟು ಜರುಗಿದರೂ ತುಟಿಯ ಕೆಂಪು ಗಲ್ಲಕ್ಕೆ ಹೋಯಿತು ಅಂತಲೇ ಲೆಕ್ಕ. ಹೀಗೆ ಮಾಡಿದ್ದಕ್ಕೇ ಅದಕ್ಕೆ ಆ ರೂಪ: ಗಟ್ಟಿ ಹೊರಗೆರೆ, ಒಳಗೆ ಸಪಾಟು ಬಣ್ಣ, ನೆರಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅಕ್ರಿಲಿಕ್ ಇದಕ್ಕೆ ಹೇಳಿ ಮಾಡಿಸಿದ ಬಣ್ಣ. ನೀರಲ್ಲಿ ಕಲಸುವ ಅಕ್ರಿಲಿಕ್ ಕಲಾವಿದರ ಕೈಗೆ ಬಂದಿದ್ದು 1950ರ ದಶಕದಲ್ಲಿ. ಒಳಗಿರುವುದು ಪ್ಲಾಸ್ಟಿಕ್ ಅಂಟು. ನೀರು ಆರಿದರೆ ಪೊರೆ ಕಟ್ಟಿಕೊಳ್ಳುತ್ತದೆ, ಮತ್ತೆ ನೀರು ತಾಗಿದರೂ ಕದಡುವುದಿಲ್ಲ. ಎಣ್ಣೆ ಬಣ್ಣ ಒಣಗಲು ದಿನಗಟ್ಟಲೆ ಬೇಕು, ಇದಕ್ಕೆ ತೆಳುವಾಗಿ ಹಚ್ಚಿದರೆ ಅರ್ಧ ಗಂಟೆ ಸಾಕು. ಒಣಗಿದ ಬಣ್ಣದ ಮೇಲೆ ಟೇಪ್ ಅಂಟಿಸಿ ಪಕ್ಕದ ಬಣ್ಣ ಹಚ್ಚಿ ಎಳೆದರೆ ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ. ಆದರೆ ಅಚ್ಚಿನ ಬಣ್ಣ ಕಾಗದದೊಳಗೆ ಇಳಿದು ಮೆತ್ತಗಾಗಿ ಕಾಣುತ್ತದೆ, ಅಕ್ರಿಲಿಕ್ ಮೇಲೇ ಕೂರುತ್ತದೆ. ಹಾಗಾಗಿ ಅಕ್ರಿಲಿಕ್‌ನ ಉಕಿಯೊ-ಎಯಲ್ಲಿ ಕಾಮಿಕ್ಸ್ ಪುಸ್ತಕದ, ಜಾಹೀರಾತು ಬೋರ್ಡಿನ ಛಾಯೆ ಬಂದೇ ಬರುತ್ತದೆ. ಶಿಮೊಮುರಾಗೆ ಬೇಕಿದ್ದದ್ದೂ ಅದೇ ಇರಬೇಕು. ಇಲ್ಲದಿದ್ದರೆ ಆ ನೆರಳು ಸೂಪರ್‌ಮ್ಯಾನ್‌ದೇ ಯಾಕೆ ಆಗಬೇಕಿತ್ತು?

'ಜಪಾನಿ ಮೂಲದವರು, ಜಪಾನಿ ಶೈಲಿ, ಸಹಜ' ಅಂತ ಮುಂದೆ ಹೋಗಬೇಡಿ. ಅವರು 1939ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದವರು. ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದಾಗ ಒಂದು ಹರಾಜಿನಲ್ಲಿ ರೈತನೊಬ್ಬ ಇವರ ಊರು ಕೇಳಿದ. ಸಿಯಾಟಲ್ ಅಂದರೆ ಅವನಿಗೆ ಸಮಾಧಾನ ಆಗಲಿಲ್ಲ. ಕೊನೆಗೆ, ಚಿತ್ರ ಬರೀತೀರಾ, ಕಿಮೋನೊ ಹೆಂಗಸರದ್ದಾ ಅಂದ. ಶಿಮೊಮುರಾ ಮನೆಗೆ ಬಂದು ಅದನ್ನೇ ಬರೆಯಲು ಕೂತರು, ಪುಸ್ತಕ ನೋಡಿಕೊಂಡು! 1972ರಲ್ಲಿ ಶುರುವಾದ ಆ ಸರಣಿಯ ಹೆಸರು 'ಓರಿಯೆಂಟಲ್ ಮಾಸ್ಟರ್‌ಪ್ರಿಂಟ್ಸ್'. ಮುಖ ನೋಡಿ ಜನ ತಲೆಗೆ ಕಟ್ಟಿದ ಪರಂಪರೆಯನ್ನು ಸ್ವಲ್ಪ ಕುಚೋದ್ಯದಲ್ಲೇ ತಲೆ ಮೇಲೆ ಹೊತ್ತುಕೊಂಡರು ಅಂತ ನಾನು ಓದಿಕೊಳ್ಳುತ್ತೇನೆ.

ಕುಚೋದ್ಯ ಒಂದೇ ಆಗಿದ್ದರೆ ಈ ಚಿತ್ರಗಳು ಇಷ್ಟು ಕಾಡುತ್ತಿರಲಿಲ್ಲ. ಜಪಾನಿನ ಜೊತೆ ಯುದ್ಧ ಶುರುವಾಗಿತ್ತು, 1942ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಸುಮಾರು 1,20,000 ಜಪಾನಿ ಮೂಲದವರನ್ನು ಮನೆ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದರು. ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಮಗು ರೋಜರ್‌ನ ಮೂರನೇ ಹುಟ್ಟುಹಬ್ಬ ಸಿಯಾಟಲ್ ಹತ್ತಿರದ ಪುಯಾಲಪ್‌ನ ಜಾತ್ರೆ ಮೈದಾನದಲ್ಲಿ ಆಯಿತು. ಅಲ್ಲಿನ ಶಿಬಿರಕ್ಕೆ 'ಕ್ಯಾಂಪ್ ಹಾರ್ಮನಿ' ಅಂತ ಹೆಸರು. ಸಾಮರಸ್ಯವಂತೆ! ಅಲ್ಲಿಂದ ಐಡಹೊದ ಬರಡು ನೆಲದ ಮಿನಿಡೋಕಾಕ್ಕೆ. ಇವರ ಮೊದಲ ನೆನಪುಗಳೇ ಆ ಶಿಬಿರದವು.

ಜೊತೆಗೆ ಇದ್ದವರು ಅಜ್ಜಿ ತೊಕು. 1912ರಲ್ಲಿ ಅಮೆರಿಕಕ್ಕೆ ಬಂದವರು, ಸೂಲಗಿತ್ತಿ, ಮೊಮ್ಮಗನ ಹೆರಿಗೆ ಮಾಡಿಸಿದವರೂ ಅವರೇ. ದಶಕಗಟ್ಟಲೆ ಡೈರಿ ಬರೆದರು, ಜಪಾನಿಯಲ್ಲಿ. ಮೊಮ್ಮಗ ಅದನ್ನು ಅನುವಾದ ಮಾಡಿಸಿ ಓದಬೇಕಾಯಿತು. ಆ ಸಾಲುಗಳಿಂದ 1980ರ ದಶಕದ 'ಡೈರಿ' ಸರಣಿ ಬಂತು. 1997ರಲ್ಲಿ 'ಆ್ಯನ್ ಅಮೆರಿಕನ್ ಡೈರಿ' ಅಂತ ಮತ್ತೆ 30 ಚಿತ್ರ ಬರೆದರು. ಉಕಿಯೊ ಅನ್ನುವ ಪದದ ಹಳೆಯ ಅಕ್ಷರ, ಆ ದುಃಖದ ಲೋಕ, ಇಲ್ಲಿ ವಾಪಸ್ ಬಂದಂತೆ ನನಗೆ ಕಾಣುತ್ತದೆ. ಮೇಲೆ ತೇಲುವ ಲೋಕದ ಬಣ್ಣ, ಕೆಳಗೆ ಅದು.

ಅಂದ ಹಾಗೆ, ಆ ಡಿಸೆಂಬರ್ 12ರಂದು ಅಜ್ಜಿ ಬರೆದಿದ್ದೇನು? ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿ ಐದು ದಿನ ಆಗಿತ್ತು. ಬ್ಯಾಂಕಿನಲ್ಲಿದ್ದ ಇವರದೇ ದುಡ್ಡಿಗೆ ತಡೆ ಬಿದ್ದಿತ್ತು. ದಿನವಿಡೀ ಮನೆಯಲ್ಲೇ ಇದ್ದೆ, ಇವತ್ತಿನಿಂದ 100 ಡಾಲರ್ ತೆಗೆಯಲು ಬಿಟ್ಟಿದ್ದಾರೆ ಅಂತ ಬರೆದರು. ಶತ್ರುಗಳಾದ ನಮ್ಮ ಮೇಲೂ ಅಮೆರಿಕ ಎಷ್ಟು ದೊಡ್ಡ ಮನಸ್ಸು ತೋರಿಸಿತು ಅಂತಲೂ ಬರೆದರು. ಈಗ ಆ ಕಾಗದದ ಬಾಗಿಲಿನ ನೆರಳನ್ನು ಇನ್ನೊಂದು ಸಲ ನೋಡಿ. ಕಾಯಲು ಬಂದವನೋ, ಕಾವಲಿಗೆ ನಿಂತವನೋ?