ನೀಲಿ ಬೆಳಕು ತಲುಪದ ಅಂಟು

ಹುಳುಕು ಕೆರೆದು ತೆಗೆದ ಗುಂಡಿಗೆ ದಂತವೈದ್ಯರು ಹಲ್ಲಿನದೇ ಬಣ್ಣದ ಮೆತ್ತನೆಯ ಮುದ್ದೆ ಒತ್ತಿ, ಅದರ ಮೇಲೆ ನೀಲಿ ದೀಪ ಹಿಡಿಯುತ್ತಾರೆ. ಸುಮಾರು 20 ಸೆಕೆಂಡಿನಲ್ಲಿ ಮುದ್ದೆ ಕಲ್ಲಾಗುತ್ತದೆ. ‘ಇದು ಪ್ಲಾಸ್ಟಿಕ್ ತಾನೆ, ವಿಷವಲ್ಲವೇ?’ ಎನ್ನುವವರಿಗೆ ಉತ್ತರದ ಬಹುಪಾಲು ಇರುವುದು ಆ 20 ಸೆಕೆಂಡಿನಲ್ಲೇ.

ಮುದ್ದೆಯ ತೂಕದಲ್ಲಿ ಹೆಚ್ಚು ಪಾಲು ಗಾಜಿನ ನುಣ್ಣನೆ ಪುಡಿ. ಅದರ ತಂಟೆಯಿಲ್ಲ. ತಂಟೆಯೇನಿದ್ದರೂ ಪುಡಿಯನ್ನು ಹಿಡಿದಿಡುವ ರೆಸಿನ್ನಿನದು. 1962ರಲ್ಲಿ ಅಮೆರಿಕದ ರಾಫೆಲ್ ಬೋವೆನ್ ಪೇಟೆಂಟ್ ಪಡೆದ ಬಿಸ್-ಜಿಎಂಎ ಇಂದಿಗೂ ಅದರ ಮುಖ್ಯ ದ್ರವ್ಯ. ಅದು ಜೇನಿಗಿಂತ ಮಂದ. ಹಾಗಾಗಿ ತೆಳುವಾಗಿಸಲು ಟೆಗ್‌ಡಿಎಂಎಯಂಥ ಪುಟ್ಟ ಅಣುಗಳನ್ನು ಬೆರೆಸುತ್ತಾರೆ. ನೀಲಿ ಬೆಳಕು ಬಿದ್ದಾಗ ಮುದ್ದೆಯಲ್ಲಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಕೆರಳಿ, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಆದರೆ 100 ಕೊಂಡಿಗಳಲ್ಲಿ ಕೂಡುವುದು ಸಾಮಾನ್ಯವಾಗಿ 50ರಿಂದ 75 ಮಾತ್ರ. ಕೂಡದೆ ಉಳಿದ ಕೊಂಡಿಯಿರುವ ಅಣುಗಳಲ್ಲಿ ಹೆಚ್ಚಿನವು ಒಂದು ತುದಿಯಲ್ಲಾದರೂ ಜಾಲಕ್ಕೆ ಸಿಕ್ಕಿಕೊಂಡಿರುತ್ತವೆ. ಎರಡೂ ತುದಿ ಬಿಡುವಾಗಿರುವ ಅಲ್ಪ ಭಾಗವಷ್ಟೇ ಜೊಲ್ಲಿಗೆ ಇಳಿಯುತ್ತದೆ, ಅದೂ ಹೆಚ್ಚಾಗಿ ಮೊದಲ ಕೆಲವು ದಿನ.

ಗದ್ದಲ ಎದ್ದದ್ದು 1996ರಲ್ಲಿ. ಹುಳುಕು ತಡೆಯಲು ಹಲ್ಲಿಗೆ ಸೀಲಂಟ್ ಎಂಬ ರೆಸಿನ್ ಲೇಪ ಹಚ್ಚಿಸಿಕೊಂಡವರ ಜೊಲ್ಲಿನಲ್ಲಿ ಹಾರ್ಮೋನಿನಂತೆ ವರ್ತಿಸಬಲ್ಲ ಬಿಸ್‌ಫಿನಾಲ್-ಎ ಸಿಕ್ಕಿತೆಂದು ಸ್ಪೇನಿನ ಸಂಶೋಧಕರು ವರದಿ ಮಾಡಿದರು. ಇದನ್ನು ಯಾರೂ ಬೇಕೆಂದು ಬೆರೆಸುವುದಿಲ್ಲ. ತಯಾರಿಕೆಯ ಕಲ್ಮಶವಾಗಿ ತುಸು ಉಳಿದಿರಬಹುದು. ಬಿಸ್-ಡಿಎಂಎ ಎಂಬ ದ್ರವ್ಯವಿದ್ದರೆ ಜೊಲ್ಲಿನ ಕಿಣ್ವಗಳು ಅದನ್ನು ಒಡೆದು ಬಿಸ್‌ಫಿನಾಲ್-ಎ ಹೊರಹಾಕುತ್ತವೆ. ಬಿಸ್-ಜಿಎಂಎಯ ಬಂಧವೋ ಅವಕ್ಕೆ ಜಗ್ಗುವುದಿಲ್ಲ. ಹೆಸರು ಹತ್ತಿರ, ಗುಣ ದೂರ! ಹಾಗೆಂದು ಕಡತ ಮುಚ್ಚಿಲ್ಲ: 2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಬಿಸ್‌ಫಿನಾಲ್-ಎಯ ದಿನದ ಮಿತಿಯನ್ನು ಮೊದಲಿದ್ದುದರ 20,000ದಲ್ಲಿ ಒಂದು ಪಾಲಿಗೆ ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಅದನ್ನು ಒಪ್ಪಲಿಲ್ಲ.

ತಂಟೆ ಕೊಂಡಿ ಕೂಡದ ಅಣುಗಳದ್ದೇ ಎನ್ನಲು ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇರುವುದು ದಂತವೈದ್ಯರ ಬೆರಳ ತುದಿಯಲ್ಲಿ. ಫಿಲ್ಲಿಂಗ್ ಕೂರಿಸುವ ಮುನ್ನ ಹಚ್ಚುವ ಅಂಟಿನಲ್ಲಿ ಹೀಮಾ ಎಂಬ ಪುಟ್ಟ ಅಣುವಿದೆ. ಲೇಟೆಕ್ಸ್ ಕೈಗವಸನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅಲರ್ಜಿ ಹತ್ತಿದವರ ಬೆರಳು ಒಣಗಿ, ಬಿರಿದು, ಉರಿಯುತ್ತದೆ. (ಜೆಲ್ ನೇಲ್ ಪಾಲಿಶ್ ಹಚ್ಚುವವರನ್ನು ಕಾಡುವುದೂ ಇದೇ ಹೀಮಾ.) ಗಟ್ಟಿಯಾದ ಫಿಲ್ಲಿಂಗ್ ಹೊತ್ತ ರೋಗಿಗಳಲ್ಲಿ ಇಂಥ ಅಲರ್ಜಿ ಅಪರೂಪ.

ಆದ್ದರಿಂದ ಡಾಕ್ಟರ ಕೈಚಳಕವೇ ಇಲ್ಲಿ ಔಷಧ. ಬೆಳಕು ಆಳಕ್ಕೆ ಇಳಿಯದ ಕಾರಣ ಮಾಮೂಲಿ ಮುದ್ದೆಯನ್ನು 2 ಮಿಲಿಮೀಟರ್ ಪದರಗಳಲ್ಲಿ ತುಂಬಬೇಕು. ದೀಪ ವಾರೆಯಾದರೆ ತಳ ಹಸಿಯಾಗಿ ಉಳಿಯುತ್ತದೆ. ಮೇಲ್ಮೈಯಲ್ಲಿ ಗಾಳಿಯ ಆಮ್ಲಜನಕ ಕೊಂಡಿ ಕೂಡಲು ಬಿಡದೆ ಜಿಗುಟು ಪೊರೆಯೊಂದು ನಿಲ್ಲುತ್ತದೆ. ಅದನ್ನು ಒರೆಸಿ ಪಾಲಿಶ್ ಮಾಡುತ್ತಾರೆ. ಎದ್ದು ಕೂತ ಮೇಲೆ ನಾಲಗೆಗೆ ಹತ್ತುವ ಕಹಿ ರುಚಿಯನ್ನು ನುಂಗಬೇಡಿ, ಚೆನ್ನಾಗಿ ಮುಕ್ಕಳಿಸಿ ಉಗುಳಿಬಿಡಿ.