ಸ್ಲೋ ಕುಕ್ಕರ್ ಸಾಸೇಜ್‌ಗೆ ಎಷ್ಟು ನೀರು ಹಾಕಬೇಕು?

ಪ್ರಶ್ನೆ: ಸೂಪರ್ ಬೌಲ್ (ಅಮೆರಿಕನ್ ಫುಟ್‌ಬಾಲ್ ಫೈನಲ್) ದಿನ ನಮ್ಮ ಮನೆಗೆ 30 ಜನ ಬರುತ್ತಾರೆ. ಗ್ರೇಪ್ ಜೆಲ್ಲಿ ಹಾಕಿ ಸ್ಲೋ ಕುಕ್ಕರ್‌ನಲ್ಲಿ ಮಾಡುತ್ತಾರಲ್ಲ, ಆ ಚಿಕ್ಕ ಸಾಸೇಜ್ ಮಾಡೋಣ ಅಂತಿದ್ದೇನೆ. ಎಷ್ಟು ನೀರು ಹಾಕಬೇಕು? ಹಾಕದಿದ್ದರೆ ತಳ ಹಿಡಿಯುವುದಿಲ್ಲವೇ?

ಉತ್ತರ: ಒಂದು ಹನಿಯೂ ಬೇಡ. ತಳ ಹಿಡಿಯುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಜನವರಿ ಮುಗಿಯುವ ಹೊತ್ತಿಗೆ ಇದೇ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಓದಿದವರೂ ಕೊನೆ ಗಳಿಗೆಯಲ್ಲಿ "ಇರಲಿ ಅಂತ" ಅರ್ಧ ಕಪ್ ಸುರಿದುಬಿಡುತ್ತಾರೆ. ಆಮೇಲೆ ಸಾಸು ಸಾರಿನ ಹಾಗಾಯಿತು, ಏನು ಮಾಡಲಿ ಅಂತ ಇನ್ನೊಂದು ಪತ್ರ. ಹಾಗಾಗಿ ಈ ಸಲ ಬುಡದಿಂದ ಹೇಳುತ್ತೇನೆ.

ಮೊದಲು ಅಳತೆ. 14 ಔನ್ಸಿನ ಕಾಕ್‌ಟೇಲ್ ಸಾಸೇಜ್ ಪ್ಯಾಕೆಟ್ 4, 12 ಔನ್ಸಿನ ಚಿಲಿ ಸಾಸ್ ಬಾಟಲಿ 2, ಗ್ರೇಪ್ ಜೆಲ್ಲಿ 2 ಕಪ್. ಒಂದು ಪ್ಯಾಕೆಟ್‌ನಲ್ಲಿ ಹೆಚ್ಚುಕಮ್ಮಿ 40 ತುಂಡು ಇರುತ್ತವೆ. ತಲೆಗೆ ಐದು ಅಂದರೂ ಸಾಕು. ಎಲ್ಲವನ್ನೂ 6 ಕ್ವಾರ್ಟ್ (ಸುಮಾರು 5.7 ಲೀಟರ್) ಪಾಟ್‌ಗೆ ಹಾಕಿ, ಕಲಸಿ, ಮುಚ್ಚಳ ಮುಚ್ಚಿ. ಕುಕ್ಕರ್ ಗುಂಡಿ ಹೈನಲ್ಲಿಟ್ಟು ಎರಡು ಗಂಟೆ, ಇಲ್ಲವೇ ಲೋನಲ್ಲಿ ಮೂರರಿಂದ ನಾಲ್ಕು ಗಂಟೆ. ಮಧ್ಯೆ ಒಂದು ಸಲ ಕೈಯಾಡಿಸಿ. ಬಿಸಿಯಾದ ಮೇಲೆ ವಾರ್ಮ್‌ಗೆ ತಿರುಗಿಸಿ, ಪಕ್ಕದಲ್ಲಿ ಟೂತ್‌ಪಿಕ್ ಇಡಿ. ಮುಗಿಯಿತು.

ಚಿಲಿ ಸಾಸ್ ಅಂದರೆ ಇಂಡಿಯನ್ ಸ್ಟೋರಿನ ಹಸಿರು ಬಾಟಲಿ ಅಲ್ಲ, ಶ್ರೀರಾಚಾನೂ ಅಲ್ಲ. ಅಮೆರಿಕನ್ ಅಂಗಡಿಯಲ್ಲಿ ಕೆಚಪ್ ಪಕ್ಕದಲ್ಲಿರುವ, ಟೊಮೇಟೊ ಮತ್ತು ವಿನೆಗರ್‌ನ ಸಿಹಿ-ಹುಳಿ ಸಾಸ್. ಹೆಸರಲ್ಲಿ ಚಿಲಿ ಇದ್ದರೂ ಖಾರ ಇಲ್ಲವೆಂದೇ ಹೇಳಬೇಕು. ನಮ್ಮ ನಾಲಿಗೆಗೆ ಸಪ್ಪೆ ಅನಿಸಿದರೆ ಗುಂಟೂರು ಮೆಣಸಿನ ಪುಡಿ ಒಂದು ಚಮಚ ಬೆರೆಸಿ. ಬ್ಯಾಡಗಿ ಹಾಕಿದರೆ ಬಣ್ಣ ಬರುತ್ತದೆ, ಖಾರ ಅಷ್ಟಕ್ಕಷ್ಟೇ.

ಈಗ ನೀರಿನ ವಿಷಯ. ಈ ನಂಬಿಕೆ ಎಲ್ಲಿಂದ ಬಂತು ಅಂತ ಊಹಿಸುವುದು ಕಷ್ಟವಲ್ಲ. ನಾವೆಲ್ಲ ಪ್ರೆಶರ್ ಕುಕ್ಕರ್ ಮನೆಯಲ್ಲಿ ಬೆಳೆದವರು. ಅಲ್ಲಿ ನೀರು ಇಲ್ಲದಿದ್ದರೆ ಆವಿ ಇಲ್ಲ, ಆವಿ ಇಲ್ಲದಿದ್ದರೆ ಒತ್ತಡ ಇಲ್ಲ. ಪ್ರತಿ ವಿಶಲ್‌ಗೂ ಒಂದಿಷ್ಟು ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಕೆಳಗೆ ಉರಿ, ಅದರ ಮೇಲೆ ತೆಳು ಅಲ್ಯೂಮಿನಿಯಂ ತಳ. ನೀರು ಕಡಿಮೆಯಾದರೆ ಸೀದುಹೋಗುವುದು ಗ್ಯಾರಂಟಿ. ಆ ಭಯ ಸುಳ್ಳಲ್ಲ. ಆದರೆ ಅದು ಬೇರೆ ಪಾತ್ರೆಯ ಭಯ.

ಸ್ಲೋ ಕುಕ್ಕರ್ ಕೆಲಸ ಮಾಡುವ ರೀತಿಯೇ ಬೇರೆ. ಸಾಮಾನ್ಯ ಮಾದರಿಗಳಲ್ಲಿ ಬಿಸಿಯಾಗುವ ತಂತಿ ತಳದಲ್ಲಿರುವುದಿಲ್ಲ, ಹೊರಗಿನ ಲೋಹದ ಗೋಡೆಯ ಸುತ್ತ ಸುತ್ತಿರುತ್ತದೆ. ಒಳಗಿನದು ದಪ್ಪನೆಯ ಪಿಂಗಾಣಿ ಪಾಟ್. ಇಂಡಕ್ಷನ್ ಒಲೆ 1500-2000 ವ್ಯಾಟ್ ಎಳೆದರೆ ಇದು ಎಳೆಯುವುದು ಸುಮಾರು 200ರಿಂದ 300 ವ್ಯಾಟ್. ಆ ಶಾಖಕ್ಕೆ ಪಿಂಗಾಣಿ ದಾಟಿ ಒಳಗೆ ಬರಲು ಸಾಕಷ್ಟು ಹೊತ್ತು ಬೇಕು. ಒಂದೇ ಕಡೆ ಉರಿ ತಾಗಿ ತಳ ಹಿಡಿಯಲು ಅಲ್ಲಿ ಉರಿಯೇ ಇಲ್ಲ.

ಇನ್ನು ನೀರು ಆರಿಹೋಗುವ ಮಾತು. ಮೇಲೇಳುವ ಆವಿ ಗಾಜಿನ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಪಾಟ್‌ಗೇ ಇಳಿಯುತ್ತದೆ. ಮುಚ್ಚಳದ ಅಂಚಿನಲ್ಲಿ ತೆಳುವಾಗಿ ನೀರು ನಿಂತಿರುತ್ತದೆ, ನೋಡಿ. ಅದೇ ಅದರ ಗ್ಯಾಸ್ಕೆಟ್. ಹಾಕಿದ್ದೆಲ್ಲ ಒಳಗೇ ಉಳಿಯುತ್ತದೆ. ಮೇಲಾಗಿ ಸಾಸೇಜ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುವುದು. ಬಿಸಿಯಾದಂತೆ ಅದರಲ್ಲೊಂದು ಪಾಲು ಕೊಬ್ಬಿನ ಜೊತೆ ಸಾಸಿಗೆ ಬಿಡುತ್ತದೆ. ಜೆಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಕರಗಿ ಪಾನಕವಾಗುತ್ತದೆ. ಇಷ್ಟೆಲ್ಲ ಇದ್ದ ಮೇಲೆ ನೀವು ಸುರಿಯುವ ಅರ್ಧ ಕಪ್ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವುದಿಲ್ಲ. ಸಾಸು ಗೊಜ್ಜಿನ ಹದಕ್ಕೆ ಬರದೆ, ಸಾಸೇಜ್‌ಗೆ ಅಂಟದೆ, ಟೂತ್‌ಪಿಕ್‌ನಿಂದ ಸೀದಾ ಕಾರ್ಪೆಟ್ ಮೇಲೆ ತೊಟ್ಟಿಕ್ಕುತ್ತದೆ.

"ಕುಕ್ಕರ್ ಜೊತೆ ಬಂದ ಪುಸ್ತಕದಲ್ಲೇ ಲಿಕ್ವಿಡ್ ಹಾಕಿ ಅಂತಿದೆಯಲ್ಲ" ಎನ್ನುವವರಿದ್ದಾರೆ. ಇದೆ. ಎರಡು ಬಾಟಲಿ ಸಾಸು, ಎರಡು ಕಪ್ ಜೆಲ್ಲಿ ಮತ್ತೇನು?

"ನಮ್ಮನೇಲಿ ನಿಜವಾಗ್ಲೂ ಸೀದಿತ್ತು" ಎನ್ನುವವರನ್ನೂ ನಂಬುತ್ತೇನೆ. ಆದರೆ ಎಲ್ಲಿ ಸೀದಿತ್ತು? ತಳದಲ್ಲಲ್ಲ, ಗೋಡೆಗೆ ಅಂಟಿದ ಕಡೆ, ಅಲ್ವಾ? ದೊಡ್ಡ ಪಾಟ್‌ನಲ್ಲಿ ಒಂದೇ ಪ್ಯಾಕೆಟ್ ಮಾಡಿದರೆ ಹಾಗಾಗುತ್ತದೆ. ಶಾಖ ಇರುವುದೇ ಗೋಡೆಯಲ್ಲಿ. ಅಲ್ಲಿ ತೆಳುವಾಗಿ ಹರಡಿದ ಸಕ್ಕರೆ ಸಾಸು ಕಪ್ಪಾಗುತ್ತದೆ. ಪಾಟ್ ಅರ್ಧವಾದರೂ ತುಂಬಿರಲಿ, ಮುಕ್ಕಾಲು ದಾಟದಿರಲಿ. ಕಡಿಮೆ ಜನಕ್ಕೆ ಚಿಕ್ಕ ಪಾಟ್ ತೆಗೆದುಕೊಳ್ಳಿ. ನೀರು ಅದಕ್ಕೆ ಪರಿಹಾರ ಅಲ್ಲ.

ಒಂದೇ ಒಂದು ಸಂದರ್ಭದಲ್ಲಿ ಒಪ್ಪುತ್ತೇನೆ. ಪಾರ್ಟಿ ಶುರುವಾಗಿ, ಮುಚ್ಚಳ ತೆಗೆದು ಇಟ್ಟು, ಎರಡು ಮೂರು ಗಂಟೆ ಕಳೆದು ಸಾಸು ಜಿಗುಟಾದರೆ ಎರಡು ಚಮಚ ಬಿಸಿನೀರು ಹಾಕಿ. ಅದಕ್ಕೂ ಮೊದಲು ಮುಚ್ಚಳ ಮುಚ್ಚುವುದನ್ನು ಕಲಿಯಿರಿ.

ಬಾಕಿ ವಿಷಯ ಬೇಗ ಹೇಳಿಬಿಡುತ್ತೇನೆ. ಈ ಚಿಕ್ಕ ಸಾಸೇಜ್ ಮೊದಲೇ ಬೆಂದಿರುತ್ತವೆ, ನೀವು ಬಿಸಿ ಮಾಡುತ್ತಿದ್ದೀರಿ ಅಷ್ಟೇ. ಹಸಿ ಬ್ರಾಟ್‌ವರ್ಸ್ಟ್ ಅಥವಾ ಇಟಾಲಿಯನ್ ಸಾಸೇಜ್ ಹಾಕುವುದಾದರೆ ಕತೆ ಬೇರೆ. ಹಂದಿ, ದನದ ಮಾಂಸಕ್ಕೆ ಒಳಗೆ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಕೋಳಿ, ಟರ್ಕಿಗೆ 165. ವಾರ್ಮ್ ಇರುವುದು ಬಿಸಿಯಾದದ್ದನ್ನು 140 ಡಿಗ್ರಿಗಿಂತ ಮೇಲೆ ಕಾಯ್ದಿಡಲು. ಫ್ರಿಜ್‌ನಿಂದ ತೆಗೆದದ್ದನ್ನು ಸೀದಾ ವಾರ್ಮ್‌ನಲ್ಲಿಡಬೇಡಿ. ಪ್ಯಾಕೆಟ್ ಹಿಂದೆ ಓದುವುದನ್ನೂ ಮರೆಯಬೇಡಿ. ಈ ಸಾಸೇಜ್‌ಗಳಲ್ಲಿ ಎರಡು ಮೂರು ಬಗೆಯ ಮಾಂಸ ಬೆರೆತಿರುವುದು ಸಾಮಾನ್ಯ. ಚಿಕನ್ ಅಂತ ಬರೆದ ಸಾಸೇಜ್‌ನ ಹೊರಸಿಪ್ಪೆ ಹಂದಿಯದ್ದಾಗಿರಬಹುದು. ಯಾವುದು ಏನು ಅಂತ ಚೀಟಿ ಬರೆದಿಟ್ಟರೆ ಬಂದವರು ನಿಮ್ಮನ್ನು ಹರಸುತ್ತಾರೆ.

ಇನ್ನು, ನೀವು ಕೇಳದ ಪ್ರಶ್ನೆಗೆ ಬರುತ್ತೇನೆ. 30 ಜನರಲ್ಲಿ ಸಸ್ಯಾಹಾರಿಗಳು ಇದ್ದೇ ಇರುತ್ತಾರೆ. ಅವರಿಗೆ ಪಕ್ಕದಲ್ಲೊಂದು ಪಾಟ್ ರಾಜ್ಮಾ ಇಡೋಣ ಅಂತ ನಿಮಗೆ ಹೊಳೆದೇ ಹೊಳೆಯುತ್ತದೆ. ತಪ್ಪಿಲ್ಲ. ಈ ಯಂತ್ರ ಹುಟ್ಟಿದ್ದೇ ಕಾಳು ಬೇಯಿಸಲು. ಇರ್ವಿಂಗ್ ನ್ಯಾಕ್ಸನ್ ಎಂಬ ಎಂಜಿನಿಯರ್‌ಗೆ ಇದರ ಪೇಟೆಂಟ್ ಸಿಕ್ಕಿದ್ದು 1940ರಲ್ಲಿ. ಲಿಥುವೇನಿಯಾದಲ್ಲಿ ಯಹೂದಿ ಮನೆಯವರು ಸಬ್ಬತ್ ಎಂಬ ವಾರದ ವಿರಾಮದ ದಿನಕ್ಕೆಂದು ಕಾಳು-ಮಾಂಸದ ಚೋಲೆಂಟ್ ಅನ್ನು ಬೇಕರಿಯ ಒಲೆಯಲ್ಲಿ ರಾತ್ರಿಯಿಡೀ ಬಿಡುತ್ತಿದ್ದ ಕತೆಯನ್ನು ಅವರು ತಾಯಿಯಿಂದ ಕೇಳಿದ್ದರು. ಅವರ ಯಂತ್ರದ ಹೆಸರೇ ನ್ಯಾಕ್ಸನ್ ಬೀನರಿ. ರೈವಲ್ ಕಂಪನಿ 1970ರಲ್ಲಿ ಅದನ್ನು ಕೊಂಡು, ಮರುವರ್ಷ ಕ್ರಾಕ್-ಪಾಟ್ ಅಂತ ಮಾರಿತು.

ಆದರೆ ಒಣ ರಾಜ್ಮಾವನ್ನು ನೆನೆಹಾಕಿ ಸೀದಾ ಸ್ಲೋ ಕುಕ್ಕರ್‌ಗೆ ಸುರಿಯಬೇಡಿ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ಕೆಂಪು ರಾಜ್ಮಾದಲ್ಲಿ ಒಂದು ಬಗೆಯ ಲೆಕ್ಟಿನ್ ವಿಷ ಇದೆ. ಹಸಿ ಕಾಳು ನಾಲ್ಕೈದು ತಿಂದರೂ ವಾಂತಿ, ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿಸಿದರೆ ಆ ವಿಷ ನಾಶವಾಗುತ್ತದೆ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅರೆಬರೆ ಬೇಯಿಸಿದರೆ ಹಸಿ ಕಾಳಿಗಿಂತಲೂ ಜಾಸ್ತಿಯಾಗಬಹುದು. ಸ್ಲೋ ಕುಕ್ಕರ್ ಗಂಟೆಗಟ್ಟಲೆ ಕಳೆಯುವುದು ಆ ಮಟ್ಟದಲ್ಲೇ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಹೇಳುವುದು ಇಷ್ಟು: ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ.

ನಮಗೆ ಇದಕ್ಕಿಂತ ಸುಲಭದ ದಾರಿ ಇದೆ. ಪ್ರೆಶರ್ ಕುಕ್ಕರ್‌ನಲ್ಲಿ ಮೆತ್ತಗಾಗುವಷ್ಟು ವಿಶಲ್ ಕೂಗಿಸಿ, ಒಗ್ಗರಣೆ, ಮಸಾಲೆ ಸೇರಿಸಿ, ಬಿಸಿಬಿಸಿ ಇರುವಾಗಲೇ ಎರಡನೇ ಪಾಟ್‌ಗೆ ಸುರಿದು ವಾರ್ಮ್‌ನಲ್ಲಿಡಿ. ಡಬ್ಬಿಯ ರಾಜ್ಮಾ ಬೆಂದೇ ಬಂದಿರುತ್ತದೆ, ಅದಕ್ಕೆ ಈ ತಲೆನೋವಿಲ್ಲ. ಎರಡು ಪಾಟ್‌ಗೂ ಬೇರೆ ಬೇರೆ ಸೌಟು ಇಡಿ. ರಾಜ್ಮಾ ಪಾಟ್ ಟೇಬಲ್‌ನ ಇನ್ನೊಂದು ತುದಿಯಲ್ಲಿರಲಿ. ಪಕ್ಕಪಕ್ಕ ಇಟ್ಟರೆ ಮೊದಲ ಹತ್ತು ನಿಮಿಷದಲ್ಲೇ ಯಾರಾದರೂ ಸೌಟು ಅದಲುಬದಲು ಮಾಡಿರುತ್ತಾರೆ.