ಕಿವಿರು ನೋಡುವ ಗಣಿತ

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳು ಮನೆಯಲ್ಲೇ ಇದ್ದ. ಲಿಖಿತ ಪರೀಕ್ಷೆ ಚೆನ್ನಾಗಿಯೇ ಬರೆದಿದ್ದ ಕಂಪನಿಯಿಂದಲೂ ಸುದ್ದಿಯಿಲ್ಲ. ತಾಯಿ ಪ್ರಶ್ನೆ ಇಡಿಸಿದರು. ಕವಡೆ ಎಣಿಸಿದ ಜೋಯಿಸರು ನಾಗದೋಷ ಎಂದರು, ಆಶ್ಲೇಷಾ ಬಲಿಗೆ ದಿನ ಗೊತ್ತಾಯಿತು. ಅದೇ ಸಂಜೆ ನಾನು ಹುಡುಗನ ಮೊಬೈಲ್ ಇಸಿದುಕೊಂಡು ಇ-ಮೇಲ್‌ನ ಸ್ಪ್ಯಾಮ್ ಪೆಟ್ಟಿಗೆ, ಅಂದರೆ ಬೇಡದ ಪತ್ರಗಳನ್ನು ತಾನಾಗಿ ತಳ್ಳುವ ಕಸದ ಬುಟ್ಟಿ, ತೆರೆದೆ. ಒಂದು ಲಾಟರಿ, ಎರಡು ಸಾಲದ ಆಮಿಷ, ಅವುಗಳ ನಡುವೆ ಸಂದರ್ಶನದ ಕರೆ. ಬಂದು 26 ದಿನ, ಸಂದರ್ಶನ ಮುಗಿದು 12 ದಿನ. ಅಲ್ಲಿ ಬಿದ್ದದ್ದು ಸಾಮಾನ್ಯವಾಗಿ 30 ದಿನಕ್ಕೆ ತಾನಾಗಿಯೇ ಅಳಿಸಿಹೋಗುತ್ತದೆ.

“ಯಾರು ಮಾಷ್ಟ್ರೇ ಅದನ್ನು ಓದಿ ಕಸಕ್ಕೆ ಹಾಕಿದ್ದು?” ಎಂದು ತಾಯಿ ಕೇಳಿದರು. ಯಾರೂ ಓದಿಲ್ಲ. ಕಂಪ್ಯೂಟರಿಗೆ ಎಲ್ಲವೂ ಅರ್ಥವಾಗುತ್ತದೆ ಎಂಬ ನಂಬಿಕೆಗೂ ಕವಡೆಯ ಮೇಲಿನ ನಂಬಿಕೆಗೂ ನನ್ನ ಕಣ್ಣಿಗೆ ದೊಡ್ಡ ವ್ಯತ್ಯಾಸವಿಲ್ಲ.

“ಅಕ್ಕ, ಬಂಗುಡೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ?” ಎಂದೆ. ಹೆಬ್ಬೆರಳಿನಿಂದ ಕಿವಿರು ಎತ್ತುತ್ತಾರೆ. ಕೆಂಪಗಿದ್ದರೆ ಒಂದು ಅಂಕ. ಕಣ್ಣು ಹೊಳೆಯುತ್ತಿದ್ದರೆ ಇನ್ನೊಂದು. ಬೆನ್ನು ಒತ್ತಿದರೆ ಕುಳಿ ಬೀಳದಿದ್ದರೆ ಮತ್ತೊಂದು. ಮೀನು ಮಲ್ಪೆಗೆ ಯಾವಾಗ ಬಂತೆಂದು ಅವರು ನೋಡಿಲ್ಲ, ಮೀನು ಹೇಳುವುದೂ ಇಲ್ಲ. ಹಿಂದೆ ಕೊಂಡ ನೂರಾರು ಮೀನುಗಳಲ್ಲಿ ಯಾವ ಗುರುತು ತಾಜಾ ಮೀನಿನಲ್ಲಿತ್ತು, ಯಾವುದು ಹಳಸಿದ್ದರಲ್ಲಿತ್ತು ಎಂಬ ಲೆಕ್ಕ ಕೈಯಲ್ಲಿ ಕುಳಿತಿದೆ. ಸ್ಪ್ಯಾಮ್ ಸೋಸುವ ಯಂತ್ರ ಮಾಡುವುದೂ ಇಷ್ಟೇ. ಅದಕ್ಕೆ ಪದಗಳೇ ಕಿವಿರು.

ಈ ಲೆಕ್ಕದ ಬೇರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಅವರದು. 1761ರಲ್ಲಿ ಅವರು ತೀರಿಕೊಂಡ ಮೇಲೆ ಸ್ನೇಹಿತ ರಿಚರ್ಡ್ ಪ್ರೈಸ್ ಕಾಗದಗಳನ್ನು ಹುಡುಕಿ ತೆಗೆದು 1763ರಲ್ಲಿ ಪ್ರಕಟಿಸಿದರು. ಕುರುಹು ಸಿಕ್ಕಂತೆ ನಂಬಿಕೆಯನ್ನು ಎಷ್ಟು ಬದಲಾಯಿಸಬೇಕು ಎಂಬುದೇ ಅಲ್ಲಿನ ಪ್ರಶ್ನೆ. ಸ್ಪ್ಯಾಮ್ ಹುಟ್ಟಿದ್ದು ಎರಡು ಶತಮಾನ ಕಳೆದು, 1978ರ ಮೇ 3ರಂದು. ಕಂಪ್ಯೂಟರ್ ಮಾರುವ ಗ್ಯಾರಿ ಥ್ಯುರ್ಕ್ ಎಂಬಾತ ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳುಹಿಸಿ ಬೈಸಿಕೊಂಡ. ಮುಂದೆ ಬಂದದ್ದು ನಿಷಿದ್ಧ ಪದಗಳ ಪಟ್ಟಿಗಳ ಕಾಲ. 1996ರಲ್ಲಿ ಇಂಟರ್ನೆಟ್ ಸೇವೆ ಕೊಡುವ ಎಒಎಲ್ ಕಂಪನಿಯ ಯಂತ್ರ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಖಾತೆಯನ್ನೇ ಕೊಡಲಿಲ್ಲ. ಊರಿನ ಹೆಸರಿನೊಳಗೆ ಒಂದು ಕೆಟ್ಟ ಪದದ ಅಕ್ಷರಗಳು ಸಾಲಾಗಿ ಕುಳಿತಿದ್ದವು!

ಪದಪಟ್ಟಿಯ ಬದಲು ಪದಗಳ ತೂಕ ಎಂಬ ವಿಚಾರವನ್ನು 2002ರಲ್ಲಿ ಜನಪ್ರಿಯಗೊಳಿಸಿದವರು ಪ್ರೋಗ್ರಾಮರ್ ಪಾಲ್ ಗ್ರಹಾಂ. ಅವರ ಯಂತ್ರ ಪ್ರತಿ ಪತ್ರದಿಂದ ಅತಿ ಹೆಚ್ಚು ಮಾತಾಡುವ 15 ಪದಗಳನ್ನಷ್ಟೇ ಸಾಕ್ಷಿಗೆ ಕರೆಯುತ್ತಿತ್ತು. ಕಡುಗೆಂಪು ಅಕ್ಷರ ಮೂಡಿಸುವ ಸಂಕೇತ ಅಶ್ಲೀಲ ಪದಗಳಷ್ಟೇ ಒಳ್ಳೆಯ ಸಾಕ್ಷಿ ಎಂದು ಅದು ತಾನಾಗಿ ಕಂಡುಕೊಂಡಿತು. ನನಗೆ ಇಷ್ಟವಾದದ್ದು ಇನ್ನೊಂದು: ಒಳ್ಳೆಯ ಪತ್ರಗಳಲ್ಲಿ ಪದ ಕಂಡ ಸಂಖ್ಯೆಯನ್ನು ಗ್ರಹಾಂ ಬೇಕೆಂದೇ ಎರಡರಿಂದ ಗುಣಿಸಿದರು. ತಕ್ಕಡಿಯನ್ನು ನಿರಪರಾಧಿಯ ಕಡೆಗೆ ವಾಲಿಸಿದ್ದು.

ಹಾಗಿದ್ದರೂ ಹುಡುಗನ ಪತ್ರ ಏಕೆ ಸಿಕ್ಕಿಬಿತ್ತು? ಅದರಲ್ಲಿ ‘ಕಂಗ್ರಾಜುಲೇಷನ್ಸ್’, ‘ಸೆಲೆಕ್ಟೆಡ್’, ‘ಕ್ಲಿಕ್’ ಮೂರೂ ಇದ್ದವು. ಉದಾಹರಣೆಗೆ ಪ್ರತಿಯೊಂದೂ ಒಳ್ಳೆಯ ಪತ್ರಕ್ಕಿಂತ ಸ್ಪ್ಯಾಮ್‌ನಲ್ಲಿ 9 ಪಟ್ಟು ಹೆಚ್ಚು ಬರುತ್ತದೆ ಎಂದಿಟ್ಟುಕೊಳ್ಳಿ. ಯಂತ್ರ ಗುಣಿಸುತ್ತದೆ: 9, 81, 729. ಪತ್ರಕ್ಕೆ ಉಳಿಗಾಲವಿಲ್ಲ. ಆದರೆ ನೌಕರಿಯ ಪತ್ರದಲ್ಲಿ ಈ ಮೂರೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಒಂದು ಕಂಡ ಮೇಲೆ ಉಳಿದೆರಡು ಹೊಸದೇನನ್ನೂ ಹೇಳುವುದಿಲ್ಲ. ಒಂದೇ ಮನೆಯ ಮೂವರು ಒಂದೇ ಮಾತು ಹೇಳಿದರೆ ಅದು ಮೂರು ಸಾಕ್ಷಿಯಾಗುತ್ತದೆಯೇ? ಮಂಜುಗಡ್ಡೆ ಕಡಿಮೆಯಾದಾಗ ಕಿವಿರೂ ಕಣ್ಣೂ ಜೊತೆಯಲ್ಲೇ ಮಂಕಾಗುತ್ತವೆ, ಕಾರಣ ಒಂದೇ. ಪದಗಳಿಗೆ ಪರಸ್ಪರ ನಂಟಿಲ್ಲ ಎಂದು ಭಾವಿಸಿಕೊಳ್ಳುವುದರಿಂದಲೇ ಈ ವಿಧಾನಕ್ಕೆ ‘ಮುಗ್ಧ ಬೇಯ್ಸ್’ ಎಂದು ಹೆಸರು. ಮುಗ್ಧರ ಆತ್ಮವಿಶ್ವಾಸ ದೊಡ್ಡದು. ನೌಕರಿ ವಂಚಕರು ಇದೇ ಪದಗಳನ್ನು ಬಳಸುವುದರಿಂದ ನಿಜವಾದ ನೌಕರಿಯ ಪತ್ರಕ್ಕೆ ಮೊದಲ ಪೆಟ್ಟು.

ಎಷ್ಟು ಅಂಕ ದಾಟಿದರೆ ಸ್ಪ್ಯಾಮ್ ಎಂಬ ಗಡಿಯನ್ನು ಸಡಿಲಿಸಿದರಾಯಿತಲ್ಲ ಎನ್ನುತ್ತಾರೆ. ಬಲೆಯ ಕಣ್ಣು ಕಿರಿದಾದರೆ ಮರಿಮೀನೂ ಬೀಳುತ್ತದೆ, ಹಿರಿದಾದರೆ ದೊಡ್ಡದೂ ನುಣುಚುತ್ತದೆ. ಎರಡೂ ತಪ್ಪನ್ನು ಒಟ್ಟಿಗೆ ಸೊನ್ನೆಗಿಳಿಸುವ ಬಲೆ ಮಲ್ಪೆಯಲ್ಲೂ ಇಲ್ಲ.

ಇಂದಿನ ಸೇವೆಗಳು ಪದಗಳಾಚೆಗೂ ನೋಡುತ್ತವೆ. ಕಳುಹಿಸಿದ ಸರ್ವರಿಗೆ ಆ ಹೆಸರಿನಲ್ಲಿ ಕಳುಹಿಸುವ ಅಧಿಕಾರವಿದೆಯೇ ಎಂಬುದನ್ನು ಎಸ್‌ಪಿಎಫ್ ಎಂಬ ವ್ಯವಸ್ಥೆ ಪರೀಕ್ಷಿಸುತ್ತದೆ, ಪತ್ರದ ಮೇಲಿನ ಡಿಜಿಟಲ್ ಮೊಹರನ್ನು ಡಿಕೆಐಎಂ ಎಂಬುದು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಇವೆರಡನ್ನೂ ಕಡ್ಡಾಯ ಮಾಡಿದೆ. ಸಣ್ಣ ಕಂಪನಿಗಳು ಇದನ್ನು ಹೊಂದಿಸದೆ ಬಿಟ್ಟರೆ ಪತ್ರ ಎಷ್ಟು ಸಭ್ಯವಾಗಿದ್ದರೂ ಅನುಮಾನ ತಪ್ಪದು.

ಕನ್ನಡದ ಪಾಡು ಬೇರೆ. ಅರ್ಜಿ, ಅರ್ಜಿಯನ್ನು, ಅರ್ಜಿಗೆ, ಅರ್ಜಿಗಳಿಂದಲೂ: ನಮಗೆ ಒಂದೇ ಪದ, ಪದ ಎಣಿಸುವ ಸರಳ ಯಂತ್ರಕ್ಕೆ ನಾಲ್ವರು ಅಪರಿಚಿತರು. ಸೊನ್ನೆ ಎಂದರೆ ಒಳ್ಳೆಯ ಪತ್ರ, ಒಂದು ಎಂದರೆ ಸ್ಪ್ಯಾಮ್ ಎಂಬ ಅಳತೆಯಲ್ಲಿ ಗ್ರಹಾಂ ಅಪರಿಚಿತ ಪದಕ್ಕೆ 0.4 ಅಂಕ ಕೊಟ್ಟಿದ್ದರು, ಅಂದರೆ ತುಸು ಒಳ್ಳೆಯವನೇ ಇರಬೇಕು ಎಂಬ ಊಹೆ. ಹಾಗಾಗಿ ವಿಭಕ್ತಿ ಪ್ರತ್ಯಯಗಳ ರಾಶಿಯಲ್ಲಿ ಸಾಕ್ಷಿಗಳೆಲ್ಲ ಮೂಕರಾಗಿ, ಪತ್ರದಲ್ಲಿರುವ ಒಂದೆರಡು ಇಂಗ್ಲಿಷ್ ಪದ ಮತ್ತು ಕೊಂಡಿಗಳೇ ತೀರ್ಪು ಬರೆಯುತ್ತವೆ. ಪದವನ್ನು ತುಂಡರಿಸಿ ಓದುವ ಈಚಿನ ವಿಧಾನಗಳಲ್ಲಿ ಈ ತೊಡಕು ಕಡಿಮೆ.

ಹುಡುಗ ‘ಸ್ಪ್ಯಾಮ್ ಅಲ್ಲ’ ಗುಂಡಿ ಒತ್ತಿ, ಕಂಪನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದ. ಅವರು ಇನ್ನೊಂದು ದಿನ ಕೊಟ್ಟರು. ಆದರೆ ಆ ಒಪ್ಪಿಗೆ ಬಂದದ್ದು ಆಶ್ಲೇಷಾ ಬಲಿಯ ಮಾರನೆಯ ಬೆಳಗ್ಗೆ. ಅಕ್ಕ ಬಾಳೆಲೆಯ ತುಂಡಿನಲ್ಲಿ ಅರಸಿನದ ಪ್ರಸಾದ ಹಿಡಿದು ಬಂದು, “ನೋಡಿದಿರಾ ಮಾಷ್ಟ್ರೇ, ಒಂದೇ ದಿನದಲ್ಲಿ!” ಎಂದರು.